ಮೂರನೇ ಮಷೀನು

ಮೊದಲ ಸಲ ಕೇಳಿದಾಗ ಬೈದೆ.
ಇಪ್ಪತ್ತು ವರ್ಷ ಗಂಟಲು ಹರಿಯುವಂತೆ ಗರ್ಜಿಸಿದವನು
ಈಗ ಕಿವಿಯ ಹತ್ತಿರ ಬಂದು ಹಾಡುತ್ತಾನೆ,
ಮಗು ಮಲಗಿದ ಮನೆಯಲ್ಲಿ ಮಾತಾಡುವವನ ಹಾಗೆ.
ಎರಡನೇ ಹಾಡಿಗೆ ಕೊಳಲು ಬೇರೆ!
"ಮುಗೀತು ಇವರ ಕಥೆ" ಅಂದ ತೈಸ್ತೊ,
ತನ್ನ ಹಳೆಯ ಕರಿ ಅಂಗಿಯ ಮೇಲಿನ ಅವರ ಹೆಸರನ್ನು
ಹೆಬ್ಬೆರಳಲ್ಲಿ ಉಜ್ಜುತ್ತ.
ನಾನೂ ಹ್ಞೂಂ ಅಂದೆ.
ಅರವತ್ತೆಂಟು ನಿಮಿಷ, ಆರೇ ಹಾಡು,
ಬಸ್ಸಿಗೆ ಕಾಯುವಷ್ಟು ಹೊತ್ತು ಬರೀ ಪೀಠಿಕೆ.

ಆಲ್ಬಮ್ಮಿನ ಹೆಸರು ಕೆಲಿರಿಕ್ಕೊ.
ನಮ್ಮ ಕೊಲ್ಲಿಗೆ ಚಳಿ ಮುಗಿಯುವಾಗ ಬರುವ ಕಾಲ ಅದು:
ಮಂಜುಗಡ್ಡೆ ಕಾಲನ್ನು ಹೊರದು, ದೋಣಿಗೂ ದಾರಿ ಬಿಡದು.
ದ್ವೀಪದವರು ಆಚೆಯೇ, ನಾವು ಈಚೆಯೇ.
ಹೊದಿಕೆಯ ಮೇಲೂ ಅದೇ, ಬೂದಿಯ ಮೇಲೆ ಬೂದಿ ಬಣ್ಣ.
ಅಂಗಡಿಯ ಹುಡುಗ ನನ್ನ ನರೆಗೂದಲು ನೋಡಿ
"ಉಡುಗೊರೆಯೇ?" ಅಂದ.
ಹೌದು, ನನಗೆ.

ನಾಲ್ಕನೇ ಹಾಡು ಶುರುವಾದದ್ದು
ಶಾಲೆಯ ಉದ್ದ ಪಡಸಾಲೆಯಲ್ಲಿ, ನಸುಕಿನ ಐದಕ್ಕೆ.
ಸೊಂಟಕ್ಕೆ ಸಿ.ಡಿ. ಪ್ಲೇಯರು, ಕೈಯಲ್ಲಿ ನೆಲ ಒರೆಸುವ ಕೋಲು.
ಗಿಟಾರಿಲ್ಲ, ಮಾತಿಲ್ಲ,
ದೂರದಲ್ಲೊಂದು ಗುಂಯ್, ಅದರೊಳಗೆ

ತಟ್ಟು ತಿರುಗುವ ತಟ್ಟು ತಿರುಗುವ
ಬಿಟ್ಟ ಕಾಗದ ಸುತ್ತಿ ಸುರುಳಿಗೆ
ಕೆಟ್ಟ ಬೇರಿಂಗೊಂದು ಕುಟ್ಟಿತು
ಏಳು ಸುತ್ತಿಗೆ ಒಮ್ಮೆ ತಪ್ಪದೆ
ನನ್ನ ಕೈಗದು ಗೊತ್ತು, ಕಾಲಿಗೆ
ಗೊತ್ತು, ಎದೆಗೂ ಗೊತ್ತು ಮೊದಲೇ

ಒದ್ದೆ ನೆಲದ ಮೇಲೆಯೇ ಕೂತುಬಿಟ್ಟೆ.
ಇದು ಮೂರನೇ ಮಷೀನು.
ಇಪ್ಪತ್ತೆರಡು ವರ್ಷ ಇದರ ಪಕ್ಕ ನಿಂತವಳು ನಾನು.
ಒಣಗಿಸುವ ಉರುಳೆ, ಎಡಗಡೆ, ಕೊನೆಯದು.
ರಿಪೇರಿಗೆ ಎಷ್ಟು ಚೀಟಿ ಬರೆದೆವೋ,
"ಮುಂದಿನ ವರ್ಷ" ಅನ್ನುತ್ತಿದ್ದರು.
ಮುಂದಿನ ವರ್ಷ ಗೇಟಿಗೆ ಬೀಗ.
ಬಿಚ್ಚಿ, ತುಂಡು ತುಂಡಿಗೂ ನಂಬರು ಬರೆದು, ಹಡಗಿಗೆ ಹೇರಿ
ಯಾವ ದೇಶಕ್ಕೋ ಮಾರಿದರು.
ಅಲ್ಲಿ ಯಾರಾದರೂ ಅದನ್ನು ಸರಿಮಾಡಿರಬಹುದು, ಪಾಪ.

ಈಗ ಇವರ ಡ್ರಮ್ಮು ಬಾರಿಸುವ ಒಸ್ಸಿ
ಎರಡು ಬೇಸಿಗೆ ನಮ್ಮ ರಾತ್ರಿ ಪಾಳಿಯಲ್ಲಿದ್ದ ಹುಡುಗ.
ಬುತ್ತಿಯ ಡಬ್ಬಿಯ ಮೇಲೆ ಚಮಚ ಕುಟ್ಟುತ್ತಿದ್ದ,
"ನಿಲ್ಲಿಸೋ ಮಾರಾಯ" ಅಂತ ಗದರಿದ್ದೆ.
ಯಾವಾಗ ಬಂದು ಈ ಸದ್ದು ಹಿಡಿದುಕೊಂಡು ಹೋದನೋ.

ಪತ್ರಿಕೆಯವರು ಬರೆದರು: ಗಣಿತದಂಥ ತಾಳ,
ಮನುಷ್ಯರ ಎಣಿಕೆಗೆ ಸಿಕ್ಕದ್ದು.
ನಾವದರೊಳಗೆ ಕಾಫಿ ಕುಡಿದಿದ್ದೇವೆ,
ರಜೆಗಾಗಿ ಜಗಳ ಕಾದಿದ್ದೇವೆ;
ಸಿನಿಕ್ಕಾ ತಾನು ಬಸುರಿ ಅಂತ ಕೂಗಿ ಹೇಳಿದ್ದು
ಒಂದು ಕುಟ್ಟಿಗೂ ಇನ್ನೊಂದಕ್ಕೂ ನಡುವೆ.
ಕೂಗದೆ ಯಾರಿಗೆ ಕೇಳಿಸುತ್ತಿತ್ತು ಅಲ್ಲಿ?

ಹಾಡುವವನು ಯಾಕೆ ಗರ್ಜಿಸುವುದಿಲ್ಲವೋ ಈಗ ತಿಳಿಯಿತು.
ಊರಲ್ಲಿ ಮೀರಿ ಕೂಗುವಂಥ ಸದ್ದೇ ಉಳಿದಿಲ್ಲ.

ಹನ್ನೊಂದನೇ ನಿಮಿಷಕ್ಕೆ ಎಲ್ಲ ಸಣ್ಣಗಾಗುತ್ತದೆ.
ಎಣಿಸಿದೆ. ಆರು ಸುತ್ತು ಕೇಳಿತು.
ಏಳನೆಯದಕ್ಕೆ ಏನೂ ಇಲ್ಲ.
ಕೋಲೆತ್ತಿ ನಾನೇ ಕುಟ್ಟಿದೆ ನೆಲಕ್ಕೆ ಒಂದು;
ಪಡಸಾಲೆಯ ಕೊನೆಯ ತನಕ ಹೋಯಿತು.

ಆ ಕೊಳಲು ಮಾತ್ರ ಬೇಕಿರಲಿಲ್ಲ.