ಇಪ್ಪತ್ತೆಂಟು ಸೆಂಟು

ದೇರಾದ ಚಿನ್ನದ ಪೇಟೆ, ಮೂರನೇ ಗಲ್ಲಿ.
ನನ್ನ ಎದೆಯ ಬಿಲ್ಲೆಯ ಮೇಲೆ ಇಮ್ತಿಯಾಜ್ ಎಂದಷ್ಟೇ ಇದೆ.
ಮುಂದಿನದು ಉದ್ದವಾಯಿತೆಂದು ಸೇಠ್ ಬಿಡಿಸಿದ್ದ.
ಅದಿದ್ದಿದ್ದರೆ ಅವರಿಬ್ಬರು
ನನ್ನೆದುರು ಹಾಗೆ ಬಾಯಿ ಬಿಡುತ್ತಿರಲಿಲ್ಲ.

ಭಾನುವಾರ, ಅಸರ್ ನಮಾಜು ಮುಗಿದ ಹೊತ್ತು,
ಹೊರಗೆ ನಲವತ್ತನಾಲ್ಕು ಡಿಗ್ರಿ.
ಒಳಬಂದವರು ಮೊದಲು ಏಸಿಯ ಕೆಳಗೆ ನಿಂತರು,
ವಜ್ರದ ಕಡೆ ಆಮೇಲೆ ನೋಡಿದರು.
ಅವನ ಅಂಗಿಯ ಬೆನ್ನಿಗೆ ಜಬೆಲ್ ಅಲಿಯ ಗೋದಾಮಿನ ಹೆಸರು,
ಅವಳ ಕೈಯಿಂದ ಹಲ್ಲಿನ ಆಸ್ಪತ್ರೆಯ ಲವಂಗದ ವಾಸನೆ.

ನನಗೆ ಹಿಂದಿಯಲ್ಲಿ: "ಭಾಯ್, ಕುಛ್ ಅಚ್ಛಾ ದಿಖಾಯಿಯೇ."
ತಮ್ಮೊಳಗೆ ಕನ್ನಡದಲ್ಲಿ:
"ಎರಡು ಸಾವಿರದಾ ಎರಡನೂರು. ಅದರ ಮ್ಯಾಲ ಒಂದು ಫಿಲ್ಸೂ ಇಲ್ಲ.
ಹದಿನೆಂಟನೂರು ಅಂತ ಹೇಳೂಣು. ಇವಂಗ ಗೊತ್ತಾಗಬಾರ್ದು."

ಇವನಿಗೆ ಗೊತ್ತಾಯಿತು.
ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವನಂತೆ ಕಿವಿ ನೆಟ್ಟಗಾಯಿತು.

ಮಾರುವವನಿಗೆ ಇದಕ್ಕಿಂತ ದೊಡ್ಡ ಲಾಟರಿ ಇಲ್ಲ:
ಗಿರಾಕಿಯ ಕಿಸೆಯ ತಳ ಕಣ್ಣಿಗೆ ಬಿದ್ದಮೇಲೆ
ಯಾವ ಕಲ್ಲನ್ನಾದರೂ ಆ ತಳಕ್ಕೆ ಸರಿಯಾಗಿ ಕೂರಿಸಬಹುದು.
ಟ್ರೇಯಲ್ಲೇ ಇತ್ತು ಅಂಥದೊಂದು:
ಮೂವತ್ತೈದು ಸೆಂಟು, ನೋಡಲು ಅಗಲ,
ಕಟಿಂಗ್ ಸತ್ತದ್ದು. ಒಳಹೋದ ಬೆಳಕು
ತಿರುಗಿ ಬಾರದೆ ತಳದಲ್ಲಿ ಸೋರಿಹೋಗುತ್ತಿತ್ತು.
ಮೂರು ತಿಂಗಳಿಂದ ಸೇಠ್ ಅದನ್ನು ನನ್ನ ಕಡೆ ಸರಿಸುತ್ತಿದ್ದ.

ಅವಳು ಅದಕ್ಕೇ ಬೆರಳಿಟ್ಟಳು.
"ಹೆಸರಿನಾಗ ರತ್ನ ಐತಲ್ಲ ನಾಗರತ್ನಾ, ಮತ್ತೊಂದ್ಯಾಕ?"
ಅಂದ ಅವನು. ಅವಳು ಚಿವುಟಿದ್ದು
ನನಗೆ ಗಾಜಿನಲ್ಲಿ ಕಂಡಿತು.

ನಮ್ಮಪ್ಪ ಬೆಟಗೇರಿಯಲ್ಲಿ ಅರಳೆ ಹಿಂಜುತ್ತಿದ್ದ.
ಲಗ್ನದ ಗಾದಿಗೆ ಬಂದವರು ಓಣಿಯ ತುದಿಯಲ್ಲೇ ನಿಂತು
ರೊಕ್ಕ ಎಣಿಸಿಕೊಂಡು ಒಳಗೆ ಬರುತ್ತಿದ್ದರು.
ಅಪ್ಪ ಅತ್ತ ನೋಡುತ್ತಿರಲಿಲ್ಲ. "ಯಾರ ಲಗ್ನ?" ಅಷ್ಟೇ ಕೇಳುತ್ತಿದ್ದ.
ಅರಳೆಯಲ್ಲಿ ಹೊಟ್ಟು ಇದ್ದೇ ಇರುತ್ತದೆ, ಅನ್ನುತ್ತಿದ್ದ,
ಮಲಗಿದವರಿಗೆ ಚುಚ್ಚದಿದ್ದರೆ ಆಯಿತು.

ಇಪ್ಪತ್ತೆಂಟು ಸೆಂಟಿನ ಪೊಟ್ಟಣ ಬಿಚ್ಚಿದೆ.
ಭೂತಗನ್ನಡಿಯಲ್ಲಿ ಅಂಚಿಗೊಂದು ಬಿಳಿ ಎಳೆ;
ಬಂಗಾರದ ಪಟ್ಟಿಯ ಕೆಳಗೆ ಮುಚ್ಚಿಹೋಗುವಂಥದ್ದು.
ಬಣ್ಣ ತುಸು ಹಳದಿ. ಹಳದಿ ಬಂಗಾರದಲ್ಲಿ ಯಾರು ಹುಡುಕುತ್ತಾರೆ?
ಆದರೆ ಕಟಿಂಗ್! ಚಿಮಟದಲ್ಲಿ ತಿರುಗಿಸಿದರೆ
ಛಾವಣಿಯ ಅಷ್ಟೂ ದೀಪ ಅಲ್ಲಿ ಬಂದು ನೂಕಾಡುತ್ತಿದ್ದವು.
ಮೂವತ್ತಕ್ಕೆ ಎರಡೇ ಸೆಂಟು ಕಮ್ಮಿ, ಬೆಲೆಗೆ ನಾನೂರು ಕಮ್ಮಿ.
ಇದನ್ನೆಲ್ಲ ಹಿಂದಿಯಲ್ಲೇ ಹೇಳಿದೆ, ಅಂಗಡಿಯ ಹಿಂದಿ.

ಅವಳು ಅವನ ಕಿವಿಗೆ:
"ಎತ್ತರ ಬ್ಯಾಡ ಫಕ್ಕೀರೇಶ, ದಿನಾ ಗ್ಲೌಸ್ ಹರೀತಾವ."
ಅವನು ಅದನ್ನು ಹಿಂದಿಗೆ ತಿರುಗಿಸುವ ಮೊದಲೇ
ನನ್ನ ಕೈ
ತಗ್ಗಿನ ಉಂಗುರಗಳ ಟ್ರೇ ಎಳೆದಿಟ್ಟಿತ್ತು.

ಮೂವರೂ ಟ್ರೇ ನೋಡಿದೆವು.
"ಹಂಗಾರ," ಅಂದಳು ನಾಗರತ್ನಾ, "ಎಲ್ಲಾ ಕೇಳಿಸ್ತೇನ್ರಿ?"
"ಹೂನ್ರಿ."
"ಎರಡು ಸಾವಿರದಾ ಎರಡನೂರೂ?"
"ಅದೂ."
ಫಕ್ಕೀರೇಶನ ಕಿವಿ ಕೆಂಪಾದವು.
ಅವಳು ಕೌಂಟರಿಗೆ ಹಣೆ ಹಚ್ಚಿ ನಕ್ಕಳು,
ಗಾಜಿನ ಮೇಲೆ ಹಣೆಯ ಗುರುತು ಉಳಿಯಿತು.

"ಯಾರ ಪೈಕಿ?" ಅಂದ ಅವನು ಕಡೆಗೆ.
"ಬೆಟಗೇರಿ ನದಾಫರು."
"ನಮ್ಮವ್ವನ ಲಗ್ನದ ಗಾದಿ ಅಲ್ಲೇ ಮಾಡಿಸಿದ್ದು!"
"ಆ ಓಣ್ಯಾಗ ನಾಲ್ಕು ಮನಿ ಇದ್ವು. ನಮ್ಮದ ಅಂತ ಹೆಂಗ ಹೇಳ್ಲಿ."
ಸುಳ್ಳು ಹೇಳಬಹುದಿತ್ತು.
ಕಲ್ಲು ಇನ್ನೂ ಮಾರಿರಲಿಲ್ಲ.

ಸಾವಿರದ ಒಂಬೈನೂರಾ ಐವತ್ತಕ್ಕೆ ಬಿಲ್ಲು ಮುಗಿಯಿತು.
ಉಳಿದ ಇನ್ನೂರೈವತ್ತಕ್ಕೆ
ಬಿರ್ಯಾನಿ ಅಂದ ಅವನು, ಚಪ್ಪಲಿ ಅಂದಳು ಅವಳು,
ಜಗಳಾಡುತ್ತಲೇ ಬಿಸಿಲಿಗಿಳಿದರು.

ರಾತ್ರಿ ಸೇಠ್‌ನ ರಿಜಿಸ್ಟರ್ ತುಂಬಬೇಕು.
ರಿಯಾಯಿತಿ: ನೂರು ದಿರ್ಹಂ. ಕಾರಣ:
ಆ ಖಾನೆಯಲ್ಲಿ ಪೆನ್ನು ಊರಿ ಬಹಳ ಹೊತ್ತು ಕೂತೆ.
ಮೂವತ್ತೈದು ಸೆಂಟಿನದು ಟ್ರೇಯಲ್ಲಿ ಹಾಗೇ ಇತ್ತು, ಬೆಳಕು ಸೋರುತ್ತ.

ಹಳೆಯ ಗಿರಾಕಿ, ಎಂದು ಬರೆದೆ.