ಹೊಕ್ಕುಳಿನ ಲೆಕ್ಕ

ಪಾದ್ರಿ ಲಹ್ದೋ, ನೀವು ಓದುತ್ತಿದ್ದಿರಿ,
ನಾನು ಹಿಂದಿನ ಕಂಬಕ್ಕೊರಗಿ ತೂಕಡಿಸುತ್ತಿದ್ದೆ, ಸುಳ್ಳೇಕೆ.
ರಾತ್ರಿಯೆಲ್ಲ ಸೈದೆಯ ಮನೆಯಲ್ಲಿ ಬಿಸಿನೀರು, ಬೆವರು,
ಬೆಳಗಿನ ಜಾವಕ್ಕೆ ಗಂಡುಕೂಸು.
ಆದಿತಾಯಿ ಬಸುರಾದಳು, ಹೆತ್ತಳು ಎಂದು
ಒಂದೇ ಉಸಿರಲ್ಲಿ ಮುಗಿಸಿಬಿಟ್ಟಿರಿ.
ನನ್ನ ನಿದ್ದೆ ಹಾರಿಹೋಯಿತು.

ಒಂದೇ ಉಸಿರಲ್ಲಿ?
ನಲವತ್ತೊಂದು ವರ್ಷ ಸೂಲಗಿತ್ತಿಯಾಗಿ
ತೂರ್ ಅಬ್ದೀನಿನ ಈ ಕಲ್ಲುಗುಡ್ಡಗಳಲ್ಲಿ
ಏಳು ಹಳ್ಳಿಗೆ ಕತ್ತೆಯೇರಿ ಹೋಗಿಬಂದವಳು ನಾನು,
ಒಂದೇ ಉಸಿರಲ್ಲಿ ಹೆತ್ತವಳನ್ನು ಕಂಡಿಲ್ಲ.

ಹೊಕ್ಕುಳಬಳ್ಳಿ ಕೊಯ್ದವರು ಯಾರು?
ಗಂಡನೆ? ಅವನಿಗೆ ಹೊಕ್ಕುಳೇ ಇಲ್ಲ,
ಮಣ್ಣಿನಿಂದೆದ್ದವನು.
ಪಕ್ಕೆಲುಬಿನಿಂದ ಬಂದ ಅವಳಿಗೂ ಇಲ್ಲ.
ಬೂದುನೀಲಿ ಹುರಿಯೊಂದು ಮಿಡಿಯುವುದ ಕಂಡು
ಮತ್ತೆ ಹಾವೇ ಬಂತೆಂದು ಬೆದರಿರಬೇಕು ಇಬ್ಬರೂ.
ಕಲ್ಲಲ್ಲಿ ಜಜ್ಜಿದರೋ, ಹಲ್ಲಲ್ಲಿ ಕಡಿದರೋ.
ತಲೆ ಸವರಿ, ಇಷ್ಟೇ ಮಗಳೆ, ಇನ್ನೊಂದು ಸಲ, ಎನ್ನಲು
ಅವ್ವ ಇರಲಿಲ್ಲ ಅವಳಿಗೆ.
ಲೋಕದಲ್ಲೇ ಇರಲಿಲ್ಲ ಅವ್ವ ಎಂಬುವಳು
ಅವಳೇ ಆಗುವ ತನಕ.

ಇರಲಿ. ಮುಂದೆ ಓದಿದಿರಿ,
ಅಣ್ಣ ತಮ್ಮನನ್ನು ಹೊಲದಲ್ಲಿ ಹೊಡೆದ.
ಅದು ಸಾವು ಅಂತ ಹೇಗೆ ತಿಳಿಯಿತು ಅವರಿಗೆ?
ಮನುಷ್ಯ ಸಾಯುವುದನ್ನು ಯಾರೂ ನೋಡಿರಲಿಲ್ಲವಲ್ಲ.
ಎಷ್ಟು ಹೊತ್ತು ಎಬ್ಬಿಸಿದಳು ಹೆತ್ತವಳು?
ನನ್ನ ಕೈಯಲ್ಲಿ ಉಸಿರಾಡದೆ ಉಳಿದವು ಹತ್ತೊಂಬತ್ತು.
ಹತ್ತೊಂಬತ್ತು ಮಂದಿಯೂ ಕೇಳಿದ್ದಾರೆ:
ಶ್ಮೂನಿ, ಮಲಗಿದೆ ತಾನೆ?
ನಿಮ್ಮ ಪುಸ್ತಕದಲ್ಲಿ ರಕ್ತ ಕೂಗುತ್ತದೆ, ನೆಲ ಬಾಯಿ ತೆರೆಯುತ್ತದೆ,
ಆ ದಿನ ಅವಳದೊಂದು ಮಾತಿಲ್ಲ.

ಓಡಿಹೋಗುವ ಅಣ್ಣನಿಗೆ ಹೆದರಿಕೆ,
ಕಂಡವರು ಕೊಂದಾರು ಅಂತ.
ಕಂಡವರು ಅಂದರೆ ಯಾರು ಪಾದ್ರಿಗಳೇ?
ಅಪ್ಪ, ಅವ್ವ, ಅವನು. ಮೂರೇ ಬೆರಳು.
ಮೂಡಣದ ನಾಡಿಗೆ ಹೋದರೆ ಅಲ್ಲೊಬ್ಬಳು ಹೆಂಡತಿ,
ಒಬ್ಬ ಮಗ, ಆಮೇಲೆ ಊರು ಕಟ್ಟಿದನಂತೆ.
ಒಂದೇ ಒಲೆಗೆ ಊರು ಅನ್ನುತ್ತಾರೆಯೆ?
ನಮ್ಮಲ್ಲೀಗ ಹನ್ನೊಂದು ಒಲೆ, ಉಳಿದವರೆಲ್ಲ ಸ್ವೀಡನ್ನಿಗೆ.
ಇದನ್ನೇ ಊರೆಂದು ಒಪ್ಪುವುದಿಲ್ಲ
ಮಿದ್ಯಾತಿನ ಗುಮಾಸ್ತ.

ಕಂಬದ ಮರೆಯಿಂದಲೇ ಕೇಳಿಬಿಟ್ಟೆ.
ನೀವು ಕನ್ನಡಕ ಒರೆಸಿದಿರಿ.
ಹೆಣ್ಣುಮಕ್ಕಳೂ ಹುಟ್ಟಿರಬೇಕು ಶ್ಮೂನಿ,
ಬರೆದಿಲ್ಲ, ಅಷ್ಟೆ, ಅಂದಿರಿ.

ಅಷ್ಟೆ.

ಆಮೇಲೆ ಸೈದೆಯ ಕೂಸನ್ನು ಬರೆಯಲು
ತೊಗಲ ಹೊದಿಕೆಯ ದಫ್ತರು ತೆರೆದಿರಿ.
ಅಕ್ಷರ ಬಾರದವಳು ನಾನು,
ನಮ್ಮಪ್ಪನ ಪುಟ ಓದಿ ಹೇಳಿ ಅಂದೆ.
ಅಹೋ, ತೂಮಾ, ಬರ್ಸೌಮೊ. ಹುಟ್ಟಿದ ದಿನ, ನೀರೆರೆದ ದಿನ.
ಕೆಳಗೆ ಮಾಸಿದ ಶಾಯಿಯಲ್ಲಿ: ಹೆಣ್ಣುಮಕ್ಕಳೂ.
ನಾವು ನಾಲ್ವರು.
(ಮೂರೇ ದಿನ ಇದ್ದ ನಿಸಾನೆಯನ್ನೂ ಸೇರಿಸಿ.)

ಹಾಗಿದ್ದರೆ ನನಗೆ ಪರಿಚಯದವಳೇ ಅವಳು,
ಆ ಮೂಡಣದ ಹೆಂಡತಿ.
ಕೊಂದವನ ಹಿಂದೆ ಮೂಟೆ ಹೊತ್ತು ನಡೆದವಳು.
ಅವನ ಮೈಮೇಲಿನ ಗುರುತು, ಎಲ್ಲಿತ್ತೋ,
ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿದವಳು,
ಹೋಗದೆಂದು ಗೊತ್ತಿದ್ದೂ.
ಸತ್ತವನಿಗೂ ತಂಗಿಯೇ ಅಲ್ಲವೆ ಅವಳು?
ಯಾವ ಹೊತ್ತಿನಲ್ಲಿ ಅತ್ತಳು
ಗಂಡನಿಗೆ ಕೇಳದಂತೆ?

ನನ್ನ ಹತ್ತಿರವೂ ಒಂದು ದಫ್ತರಿದೆ,
ಹಿಟ್ಟಿನ ಮಡಕೆಯಲ್ಲಿ ಸುತ್ತಿಟ್ಟ ಮೇಕೆಕೂದಲ ಹುರಿ.
ಗಂಡಿಗೆ ಒಂಟಿ ಗಂಟು, ಹೆಣ್ಣಿಗೆ ಜೋಡಿ,
ಆ ಹತ್ತೊಂಬತ್ತಕ್ಕೆ ಕೆಂಪು ನೂಲು.
ಈಚೆಗೆ ಕಣ್ಣು ಮಂಜು, ಬೆರಳಲ್ಲೇ ಓದಬೇಕು.
ಇವತ್ತು ಮಧ್ಯಾಹ್ನ ತಡವುತ್ತ ತಡವುತ್ತ ಹೋಗಿ
ಎಲ್ಲಕ್ಕೂ ಮೊದಲಿನ ಗಂಟಿನ ಹಿಂದೆ
ಒಂದು ಜೋಡಿ ಗಂಟು ಹಾಕಿದೆ.
ಜಾಗವಿತ್ತು.

ಬರಲೆ? ಸೈದೆಗೆ ಇನ್ನೂ ಹಾಲು ಇಳಿದಿಲ್ಲ.