ಚಿಕ್ಕಿ

ಮಾಲಿಂಗಪುರ ದಾಟಿ, ಕಾಲುವಿ ದಂಡಿ ಹಿಡದು ಬಂದ್ರ
ಕಬ್ಬಿನ ನಡುವ ಎರಡು ಕೋಲಿಯ ನಮ್ಮ ತೋಟದ ಸಾಲಿ.
ಮೂರು ದಿಕ್ಕಿಗೆ ಮೂರು ಗಾಣ. ಸುಗ್ಯಾಗ
ನಾ ಹಾಜರಿ ಕೂಗೂಕಿಂತ ಮೊದಲ
ಬಿಸಿ ಬೆಲ್ಲದ ವಾಸನಿ ಒಳಗ ಬಂದು ಕೂತಿರತೈತಿ.

ತತ್ತಿ ತಿನ್ನುವವರಿಗೆ ತತ್ತಿ,
ತತ್ತಿ ನಡಿಯದ ಮನಿಯವರಿಗೆ ಬಾಳಿಹಣ್ಣು.
ಹಣ್ಣು ಇಲ್ಲಿಮಟ ಬರೂದ್ರಾಗ ಕರ್ರಗಾಗ್ತಾವಂತ
ಚಿಕ್ಕಿ ಬರಸಿದಾಕಿ ನಾನ.

ಮೂರನೇತ್ತೆ ದುಂಡಪ್ಪ
ತನ್ನ ಪಾಲಿನ ಚಿಕ್ಕಿ ಕಟ್ಟಿಮ್ಯಾಲಿಟ್ಟು ಕಲ್ಲಿಲೆ ಒಡದು
ಒಂದು ಚೂರು ಪಾರವ್ವಗ, ಒಂದು ಗೈಬುಗ,
ಉಳಿದ ಪುಡಿ ಇರಿವಿಗೆ.
ತಾ ಅಂಗೈ ಜಾಡಿಸಿ
ಕುತ್ತಿಗಿ ಓರೆ ಮಾಡಿ ನೀರು ಕುಡದು ಬರತಿದ್ದ.

ಹದಿನೆಂಟು ವರ್ಷ ಕಲಿಸೇನಿ, ಇಂಥ ಕೂಸು ಕಂಡಿಲ್ಲಂತ
ಹಲಗಿ ಮ್ಯಾಲ ಬರದೆ:
ಹಂಚಿ ತಿನ್ನಬೇಕು, ದುಂಡಪ್ಪನಂಗ.
ಹೆಸರಿನ ಬಾಜೂಕ ಹಳದಿ ಸುಣ್ಣದ ಕಡ್ಡಿಲೆ
ಐದು ಮೂಲಿಯ ಒಂದು ಚಿಕ್ಕಿ ತಗದೆ.
ಚಿಕ್ಕಿ ಕೊಟ್ಟವಗ ಚಿಕ್ಕಿ, ಅಂತ ನಾನ ನಕ್ಕೆ.
ಅವ ಬಾಯಿ ಮುಚ್ಚಿಕೊಂಡು ನಕ್ಕ.

ಒಂದಿನ ಕಾಪಿ ತೋರಸಾಕ ಬಂದಾಗ ಲವಂಗದ ಘಮ.
"ಏನೋ, ನಿನ್ನಿ ಮನ್ಯಾಗ ಮಸಾಲಿ ಅನ್ನೇನು?"
ಹೂಂ ಅಂದ.
ಎಷ್ಟು ಸಲೀಸ ಹೂಂ ಅಂದ!

ಬಾಗಲಕೋಟಿಯಿಂದ ಹಲ್ಲಿನ ವ್ಯಾನ್ ಬಂತು.
ಬಿಳಿ ಕೋಟಿನ ಹುಡುಗಿ, ನನ್ನ ಮಗಳ ವಯಸ್ಸಿನಾಕಿ,
ಕನ್ನಡಿ ಹಚ್ಚಿದ ಕಡ್ಡಿ, ಹಣಿ ಮ್ಯಾಲ ದೀಪ.
ಬಾಜೂಕ ಕೂತು ನಾ ಬರಕೊಂಡೆ:
ಪಾರವ್ವ ಮೂರು. ಗೈಬು ಐದು.
ಸಿದ್ದವ್ವ ಎರಡು, ಮ್ಯಾಲ ಅಜ್ಜಿಯ ಮಶೇರಿ ಕಲಿ.
ನಲವತ್ತೊಂದರಾಗ ಮೂವತ್ತಮೂರು.
ಬಾಯಿ ತೆರದ್ರ ಕಬ್ಬು ಕಡದು ರವದಿ ಸುಟ್ಟ ಹೊಲ,
ಕರ್ರನ ಕೂಳಿ, ಸಾಲಿಗೆ ಸಾಲು.

ದುಂಡಪ್ಪ ಮೂರು ಸಲ ಪಾಳೇದಾಗ ಹಿಂದ ಸರದ.
ಕಡೀಕ ತೆರದ. ಕೆಳಗಿನ ದವಡ್ಯಾಗ ಒಂದು ಕುಣಿ,
ಕುಣಿಯೊಳಗ ಮೊಳಿ ಬಡಧಂಗ ಲವಂಗ.
"ಎಂದಿನಿಂದ ನೋಯ್ತೈತಿ?"
"ದಸರಾ ಸೂಟಿಯಿಂದ."
ನಾ ಪೆನ್ನು ಇಳಿಸಿದೆ.
"ಇದು ಹಾಲಹಲ್ಲಲ್ರಿ ಟೀಚರ್. ಆರರ ವಯಸ್ಸಿಗೆ ಬಂದ ದವಡಿ.
ಹೋದ್ರ ತಿರುಗಿ ಹುಟ್ಟಂಗಿಲ್ಲ."

ಅವರವ್ವ ಗಾಣದ ಒಲಿಗೆ ಸಿಪ್ಪಿ ಒಟ್ಟಾಕತ್ತಿದ್ಲು.
"ಬೀಳೂ ಹಲ್ಲಿಗ್ಯಾಕ್ರಿ ಅಕ್ಕೋರ ಒಂದಿನದ ಪಗಾರ?
ಮನಿಗೆಲ್ಲ ಇದ್ದದ್ದ ಒಂದು ಬ್ರಶ್,
ಅದನ್ನೂ ಅವರಪ್ಪ ಮೀಸಿಗೆ ಬಣ್ಣ ಹಚ್ಚಾಕ ಒಯ್ದ."
ನಕ್ಕಳು. ಆಮ್ಯಾಲ ಒಲಿ ಕಡೆ ಹೊಳ್ಳಿ, ಬೆಂಕಿಗೆ ಹೇಳಿಧಂಗ:
"ರಾತ್ರಿ ಕುದಿ ಇದ್ದಾಗ ಅಳಬಾರದಂತ
ಬಾಯಾಗ ಬೆಲ್ಲದ ಚೂರು ಇಟ್ಟ ಮಲಗಿಸ್ತಿದ್ದೆ. ನಿದ್ದಿ ಮಾಡ್ತಿತ್ರಿ."
ನನ್ನ ನಾಲಿಗಿ ತಾನ ಹೋಗಿ ನನ್ನ ದವಡ್ಯಾಗಿನ
ಎರಡು ಖಾಲಿ ಜಾಗಾ ಮುಟ್ಟಿ ಬಂತು.
ಬ್ಯಾಸ್ತವಾರ ನಾನ ಕರಕೊಂಡು ಹೊಕ್ಕೇನಿ, ಅಂದೆ.

ಮರುದಿನ ಹಲಗಿ ಒರಿಸಿದೆ, ನಾಚಿಕಿ ಬಂದು.
ಎಲ್ಲಾರೂ ಹೋದ ಮ್ಯಾಲ ಅವ ಒಬ್ಬನ ನಿಂತಿದ್ದ.
"ನಂದ್ಯಾಕ ಒರಿಸಿದ್ರಿ, ಅಕ್ಕೋರ?
ನಾ ಖರೇನ ಕೊಟ್ಟಿದ್ದೆ."

ಹೌದಲ್ಲ.
ಕಾಲುವ್ಯಾಗ ಒಗದು ಬರಬಹುದಿತ್ತು.

ಹಳದಿ ಸುಣ್ಣದ ಕಡ್ಡಿ ತೀರಿತ್ತು.
ಬಿಳೀದ್ರಲೆ ಹೆಸರು ಬರದೆ. ಮುಂದ ಕೈ ತಡೀತು.
"ಅದೂ," ಅಂದ ಅವ,
ಗಲ್ಲದ ಮ್ಯಾಲ ಅಂಗೈ ಇಟ್ಟುಕೊಂಡ.